ನಾನು ಬಾಣಂತಿ ಲೇಹ್ಯ ತಿಂದದ್ದು

ನನ್ನನ್ನು ಸಂಶಯದ ಪ್ರಾಣಿ ಎಂದು ಕರೆಯುವವರು ಮನೆಯಲ್ಲೇ ಇಬ್ಬರಿದ್ದಾರೆ. ಹೊರಗೆ ಎಷ್ಟು ಜನ ಇದ್ದಾರೆಂದು ವಿಚಾರಿಸಲು ಹೋಗಿಲ್ಲ. ವಿಚಾರಿಸಿದರೂ ಅವರು ನಿಜ ಹೇಳುತ್ತಾರೆಂದು ನಂಬುವುದು ಹೇಗೆ? ಹಾಲಿನ ಬಾಟಲಿಯ ಮೇಲಿನ ತಾರೀಕನ್ನು ಅಂಗಡಿಯಲ್ಲೊಮ್ಮೆ ಓದಿ, ಮನೆಗೆ ಬಂದು ಮತ್ತೊಮ್ಮೆ ಓದುತ್ತೇನೆ. ಕುವೈತಿನ ಫರ್ವಾನಿಯಾದಲ್ಲಿ ನಾವಿರುವ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಲಿಫ್ಟ್ ಸರಿಯಾಯಿತು ಎಂದು ಹೇಳಿದರೆ, ಮೊದಲು ಬೇರೆ ಯಾರಾದರೂ ಹತ್ತಲಿ ಎಂದು ಫೋನು ನೋಡುವ ನೆಪದಲ್ಲಿ ಬದಿಗೆ ನಿಲ್ಲುತ್ತೇನೆ. ಕಲ್ಲಂಗಡಿ ಹಣ್ಣನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ತಿರುಗಿಸಿ ಮತ್ತೆ ಬಡಿಯುವಾಗ ಮಗಳು ರಿಯಾ ನನ್ನ ಪರಿಚಯವೇ ಇಲ್ಲದವಳಂತೆ ಐಸ್‌ಕ್ರೀಮಿನ ಕಪಾಟಿನ ಕಡೆಗೆ ಹೋಗಿಬಿಡುತ್ತಾಳೆ. "ಡ್ಯಾಡಿ, ಇಟ್ಸ್ ಜಸ್ಟ್ ಅ ವಾಟರ್‌ಮೆಲನ್" ಎನ್ನುತ್ತಾಳೆ, ಆಮೇಲೆ ಕಾರಿನಲ್ಲಿ. ಅವಳ ಶಾಲೆಯಲ್ಲಿ ಕ್ರಿಟಿಕಲ್ ಥಿಂಕಿಂಗ್ ಎಂಬ ಒಂದು ಪಾಠವಿದೆ. ಕೇಳಿದ್ದನ್ನು ಹಾಗೇ ನಂಬದೆ ಪ್ರಶ್ನಿಸುವುದನ್ನು ಕಲಿಸುತ್ತಾರಂತೆ. ಅದಕ್ಕೊಂದು ಟೀಚರು ಯಾಕೆ, ಮನೆಯಲ್ಲೇ ಕಲಿಯಬಹುದಲ್ಲ ಎಂದು ನಾನು ಹೇಳಿದಾಗ ಹೆಂಡತಿ ಲವೀನಾ, "ಮನೆಯಲ್ಲಿ ಕಲಿತ್ರೆ ಅವಳಿಗೆ ಒಬ್ಬ ಫ್ರೆಂಡ್ ಕೂಡ ಉಳಿಲಿಕ್ಕಿಲ್ಲ" ಎಂದಳು.

ನನ್ನ ಸ್ವಭಾವಕ್ಕೆ ತಕ್ಕ ಕೆಲಸ ಸಿಕ್ಕಿತೋ, ಕೆಲಸವೇ ನನ್ನನ್ನು ಹೀಗೆ ಮಾಡಿತೋ ಹೇಳಲಾರೆ. ಒಂದು ಕಂಪನಿಯ ಗೋದಾಮಿಗೆ ಬಂದಿಳಿಯುವ ಪೆಟ್ಟಿಗೆಗಳನ್ನು ತೆರೆಸಿ ಪರೀಕ್ಷಿಸುವುದು ನನ್ನ ಉದ್ಯೋಗ. ಹೊರಗಿನ ಚೀಟಿಯಲ್ಲಿ ವಾಲ್ವ್ ಎಂದು ಬರೆದಿದ್ದರೆ ಒಳಗಿರುವುದು ವಾಲ್ವೇ ಹೌದೇ, ಹೌದಾದರೆ ನಾವು ಹೇಳಿದ ವಾಲ್ವೇ, ಅದೂ ಹೌದಾದರೆ ಬಿರುಕು ಗಿರುಕು ಇದೆಯೇ ಎಂದು ನೋಡಬೇಕು. ಹೊಸದಾಗಿ ಸೇರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ, ಚೀಟಿ ಬರೆದವನು ಮಾಲು ಕಳಿಸಿದವನೇ ಎನ್ನುವುದು. ಎರಡನೆಯದು, ಸೀಲು ಅಂದವಾಗಿದ್ದಷ್ಟೂ ಬೇಗ ಒಡೆಯಬೇಕು ಎನ್ನುವುದು. ಸರಿಯಿಲ್ಲದ ಮಾಲಿಗೆ 'ರಿಜೆಕ್ಟ್' ಎಂಬ ಕೆಂಪು ಚೀಟಿ ಅಂಟಿಸುವಾಗ ನನಗೆ ಆಗುವ ಸಂತೋಷ ಸಣ್ಣದಲ್ಲ. ಆ ಚೀಟಿಯನ್ನು ಮನೆಗೆ ತರಬಾರದೆಂದು ಲವೀನಾ ಬಹಳ ಹಿಂದೆಯೇ ಕಟ್ಟಪ್ಪಣೆ ಮಾಡಿದ್ದಾಳೆ.

ಇಂಥ ನನ್ನನ್ನು ಈ ಊರಿನಲ್ಲಿ ನಿಜವಾಗಿ ಕಾಡುವುದು ಪ್ಯಾಕೆಟ್ಟು. ಗಲ್ಫಿನಲ್ಲಿ ಇಲ್ಲದವರಿಗೆ ಇದರ ಸಂಕಟ ತಿಳಿಯದು. ನೀವು ಊರಿಗೆ ಟಿಕೆಟ್ ಮಾಡಿಸಿದ ವಿಷಯ ನಿಮ್ಮ ಹೆಂಡತಿಗೆ ಗೊತ್ತಾಗುವ ಮೊದಲೇ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ವರ್ಷವಿಡೀ ಲಿಫ್ಟಿನಲ್ಲಿ ಕಾಲಬುಡ ನೋಡುತ್ತಾ ನಿಂತವರು ಅಂದು ನಿಮ್ಮ ಆರೋಗ್ಯ ವಿಚಾರಿಸುತ್ತಾರೆ. ಅದರ ಮುಂದಿನ ಮಾತು, "ಒಂದು ಸಣ್ಣ ಪ್ಯಾಕೆಟ್ ಇತ್ತು ಮಾರಾಯ್ರೆ." ಹೋಗುವಾಗ ಹಾಲಿನ ಪುಡಿ, ನೋವಿನ ಎಣ್ಣೆ, ಮಡಚಿದರೂ ಮಡಚಿಕೊಳ್ಳದ ಕಂಬಳಿ. ಬರುವಾಗ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಕಷಾಯದ ಪುಡಿ. ಯಾರದೋ ಪ್ಯಾಕೆಟ್ ಹಿಡಿದುಕೊಂಡು ಬಂದು ವಿಮಾನ ನಿಲ್ದಾಣದಿಂದ ಸೀದಾ ಜೈಲಿಗೆ ಹೋದ ಒಬ್ಬ ಬಡಪಾಯಿಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅವನು ಯಾವ ಊರಿನವನು ಎಂದು ನಾನು ಕೇಳಿ ನೋಡಿದ್ದೇನೆ. ಒಬ್ಬರು ಕಾಸರಗೋಡು ಎಂದರು, ಒಬ್ಬರು ಭಟ್ಕಳ ಎಂದರು, ಇನ್ನೊಬ್ಬರು ಅವನು ಹೈದರಾಬಾದಿನವನು ಎಂದು ಆಣೆ ಹಾಕಿದರು. ಹಾಗಾಗಿ ನನಗೆ ಆ ಕಥೆಯ ಮೇಲೂ ಸಂಶಯವೇ. ಆದರೂ ಕಥೆಯ ನೀತಿಯನ್ನು ಬಿಟ್ಟಿಲ್ಲ. ಊರಿಗೆ ಹೊರಟವರೆಲ್ಲರಿಗೂ ನಾನು ಹೇಳುವ ಮಾತು ಒಂದೇ: ಏನು ಬೇಕಾದರೂ ತನ್ನಿ, ಗಸಗಸೆ ಮಾತ್ರ ಬೇಡ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಆ ಬಡ ಕಾಳು ಇಲ್ಲಿಯವರ ಲೆಕ್ಕದಲ್ಲಿ ಅಫೀಮಿನ ಗಿಡದ ಬೀಜ. ಸಿಕ್ಕಿಬಿದ್ದರೆ ಪಾಯಸದ ವಿಷಯ ಯಾರೂ ಕೇಳುವುದಿಲ್ಲ.

ಕಳೆದ ಕ್ರಿಸ್‌ಮಸ್ಸಿಗೆ ನಾನೊಬ್ಬನೇ ಊರಿಗೆ ಹೊರಟೆ. ಲವೀನಾ ನರ್ಸು, ಆಸ್ಪತ್ರೆಯಲ್ಲಿ ಅವಳಿಗೆ ರಜೆ ಸಿಗಲಿಲ್ಲ. ರಿಯಾಳಿಗೆ ಪರೀಕ್ಷೆ. ಹೊರಡುವ ವಾರ ಎದುರು ಫ್ಲಾಟಿನ ಹಮೀದ್ ಬ್ಯಾರಿಗಳು ಬಾಗಿಲು ತಟ್ಟಿದರು. ಹವಲ್ಲಿಯಲ್ಲಿ ಅವರದು ಮೊಬೈಲ್ ಅಂಗಡಿ. ಉಪ್ಪಿನಂಗಡಿ ಕಡೆಯವರು. ನಾವು ಊರಿನ ಕ್ರಮದಲ್ಲೇ ಒಬ್ಬರನ್ನೊಬ್ಬರು ಕರೆಯುವುದು: ಕ್ರೈಸ್ತನಾದ ನಾನು ಅವರಿಗೆ ಪೊರ್ಬುಗಳು, ಮುಸ್ಲಿಮರಾದ ಅವರು ನನಗೆ ಬ್ಯಾರಿಗಳು. ಜಹ್ರಾದಲ್ಲಿ ಗಂಡನ ಜೊತೆಗಿರುವ ಅವರ ಮಗಳು ಶಮೀಮಾ ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ಮಗು ಹುಟ್ಟಿ ಕೆಲವೇ ದಿನವಾಗಿತ್ತು. ನಮ್ಮ ಮನೆಯವರೆಗೂ ಅದರ ಅಳು ಕೇಳುತ್ತಿತ್ತು.

"ಪೊರ್ಬುಗಳೇ, ನಿಮ್ಗೆ ಕಷ್ಟ ಕೊಡುದಲ್ಲ. ಊರಲ್ಲಿ ಉಮ್ಮ ಪುಳ್ಳಿಗೆ, ಶಮೀಮಾಗೆ, ಬಾಣಂತಿ ಲೇಹ್ಯ ಮಾಡಿ ಇಟ್ಟಿದ್ದಾರೆ. ಒಂದೇ ಬಾಟ್ಲಿ. ನೀವು ಬರುವಾಗ ತರ್ಲಿಕ್ಕೆ ಆಗ್ತದಾ? ಇವಳಿಗೆ ಊಟ ಸೇರುದಿಲ್ಲ, ಸೊಂಟ ನೋವು ಅಂತ ಕೂಗ್ತಾಳೆ. ಇಲ್ಲಿಯದ್ದು ಯಾವುದೂ ಹಿಡಿಸುದಿಲ್ಲ ಅವಳಿಗೆ."

ಹಮೀದ್ ಬ್ಯಾರಿಗಳು ಯಾವತ್ತೂ ಪ್ಯಾಕೆಟ್ ಕೇಳಿದವರಲ್ಲ. ಅದೇ ನನಗೆ ಮೊದಲು ಸಂಶಯ ಹುಟ್ಟಿಸಿದ್ದು. ಇಷ್ಟು ವರ್ಷ ಕೇಳದವರು ಈಗ ಯಾಕೆ ಕೇಳಿದರು? ನೋಡುವ, ಎಂದೆ. ನೋಡುವ ಎಂದರೆ ನಮ್ಮಲ್ಲಿ ಆಗಬಹುದು ಎಂದು ಅರ್ಥ. ನಾನು ಹೇಳಿದ್ದು ಮಾತ್ರ ನೋಡುವ ಎಂಬ ಅರ್ಥದಲ್ಲೇ.

ಕ್ರಿಸ್‌ಮಸ್ ಕಳೆದು ಒಂದು ಬೆಳಿಗ್ಗೆ ಉಪ್ಪಿನಂಗಡಿಗೆ ಹೋದೆ. ಹಮೀದ್ ಬ್ಯಾರಿಗಳ ಉಮ್ಮನಿಗೆ, ಅಂದರೆ ತಾಯಿಗೆ, ಬಹಳ ವಯಸ್ಸಾಗಿದೆ, ಆದರೆ ಕಣ್ಣು ಚುರುಕು. ನನ್ನನ್ನು ಕೂರಿಸಿ, ಚಾ ಕೊಟ್ಟು, ಕಪಾಟಿನಿಂದ ಒಂದು ಹಳೆಯ ಕಾಫಿ ಬಾಟಲಿ ಇಳಿಸಿ ಮುಂದಿಟ್ಟರು. ಒಳಗೆ ಕಪ್ಪಗೆ, ಅಂಟಂಟಾಗಿ ಏನೋ ಇತ್ತು. ಚೀಟಿ ಇಲ್ಲ, ತಾರೀಕಿಲ್ಲ, ಮುಚ್ಚಳದ ಸುತ್ತ ಬಟ್ಟೆ ಕಟ್ಟಿ ದಾರ ಸುತ್ತಿತ್ತು. ಗೋದಾಮಿನಲ್ಲಿ ಇಂಥದೊಂದು ಬಂದಿದ್ದರೆ ನಾನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದೆ. ತೆರೆದು ನೋಡಬಹುದೇ ಎಂದೆ. ಮುದುಕಿ ಒಂದು ಕ್ಷಣ ನನ್ನ ಮುಖ ನೋಡಿ ದಾರ ಬಿಚ್ಚಿದರು. ನಾನು ಮೂಸಿದೆ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಚಮಚದಿಂದ ತಳ ಕೆದಕಿದೆ. ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿದೆ. ಬೆಲ್ಲ, ತುಪ್ಪ, ಬೆಳ್ಳುಳ್ಳಿ, ಮೆಣಸು, ಶುಂಠಿ ಎಂದು ಹೇಳಿ, ಆಮೇಲೆ ಗುಡ್ಡೆಯ ಕೆಲವು ಬೇರುಗಳ ಹೆಸರು ಹೇಳಿದರು. ನನಗೆ ಒಂದೂ ಅರ್ಥವಾಗಲಿಲ್ಲ.

"ಗಸಗಸೆ ಉಂಟಾ ಇದ್ರಲ್ಲಿ?" ಎಂದು ಕೇಳಿದೆ.

"ಇಲ್ಲ ಮಗಾ. ಮೊದಲು ಹಾಕ್ತಿದ್ದೆ. ನನ್ನ ಗಂಡನೂ ಗಲ್ಫಿನಲ್ಲಿ ಇದ್ದದ್ದು, ಮಗನೂ ಗಲ್ಫಿನಲ್ಲೇ. ಅದು ಅಲ್ಲಿಗೆ ಆಗುದಿಲ್ಲ ಅಂತ ನಂಗೆ ಗೊತ್ತುಂಟು. ಬಿಟ್ಟೇ ಮಾಡಿದ್ದು."

ಕಳಿಸುವವರೆಲ್ಲ ಹೀಗೇ ಹೇಳುವುದು ಎಂದು ನನ್ನ ಮುಖದ ಮೇಲೆ ಬರೆದಿರಬೇಕು. ಮುದುಕಿ ಚಮಚ ತೆಗೆದುಕೊಂಡು ಒಂದು ಉಂಡೆಯಷ್ಟು ಲೇಹ್ಯ ತೆಗೆದು ತಾವೇ ನುಂಗಿದರು. ಆಮೇಲೆ ಅಷ್ಟೇ ದೊಡ್ಡದನ್ನು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು. "ನೀನೂ ತಿನ್ನು, ಆಗ ಗೊತ್ತಾಗ್ತದೆ" ಎಂದರು. ಹಿರಿಯರು ಚಮಚ ಹಿಡಿದಾಗ ಬಾಯಿ ತೆರೆಯದೆ ಇರುವುದನ್ನು ನಾನು ಕಲಿತಿಲ್ಲ. ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ಕಿವಿಯಿಂದ ಹೊಗೆ ಬರುವಷ್ಟು ಖಾರ. ಹೀಗೆ ಮೀಸೆ ಹೊತ್ತ ನಾನು ಉಪ್ಪಿನಂಗಡಿಯ ಒಂದು ಮನೆಯಲ್ಲಿ ಕೂತು ಬಾಣಂತಿ ಲೇಹ್ಯ ತಿಂದೆ. ಕಣ್ಣೀರು ಒರೆಸಿಕೊಂಡು, ಆದರೂ ನನ್ನ ತರ್ಕ ಬಿಡದೆ, ತಿಂದವನು ಸಾಯಲಿಲ್ಲ ಎಂದರೆ ಕಸ್ಟಮ್ಸ್‌ನವನು ಬಿಡುತ್ತಾನೆ ಎಂದು ಅರ್ಥವಲ್ಲ ಎಂದು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮತ್ತೆ ಬಾಟಲಿಗೆ ಮುಚ್ಚಳ ಹಾಕಿ, ಬಟ್ಟೆ ಕಟ್ಟಿ, ಕಪಾಟಿನ ಮೇಲೆ ಇಟ್ಟರು.

"ಮನಸ್ಸಿಲ್ಲದಿದ್ರೆ ಬೇಡ ಮಗಾ. ಚಾ ತಣ್ಣಗಾಯ್ತು, ಬೇರೆ ಕೊಡ್ಲಾ?" ಎಂದರು.

ಬಸ್ಸಿನಲ್ಲಿ ಕೂತಾಗ ಎದೆಯಲ್ಲಿ ಏನೋ ಉರಿಯುತ್ತಿತ್ತು. ಲೇಹ್ಯದ ಮೆಣಸು ಎಂದುಕೊಂಡೆ.

ನಮ್ಮ ಮನೆಯಲ್ಲಿ ಅಮ್ಮ ಕ್ರಿಸ್‌ಮಸ್ಸಿನ ತಿಂಡಿಗಳನ್ನು ದೊಡ್ಡ ತಗಡಿನ ಡಬ್ಬಿಗೆ ತುಂಬಿಸಿ ಇಟ್ಟಿದ್ದಳು. ಅದರಲ್ಲಿ ಮುಕ್ಕಾಲು ಪಾಲು ನೆವ್ರಿ. ಘಟ್ಟದ ಮೇಲಿನವರು ಕರ್ಜಿಕಾಯಿ ಎನ್ನುತ್ತಾರಲ್ಲ, ಅದೇ, ಅರ್ಧಚಂದ್ರದ ಆಕಾರದ್ದು. ಅಮ್ಮ ಅಂಚನ್ನು ಮಡಚುವ ಚೆಂದ ನೋಡಬೇಕು. ಒಂದು ನೆವ್ರಿಯ ಅಂಚೂ ಬಿಟ್ಟುಕೊಂಡಿರುವುದಿಲ್ಲ, ಎಣ್ಣೆಯಲ್ಲಿ ಒಂದು ಕಾಳು ಪೂರಣ ಹೊರಗೆ ಬರುವುದಿಲ್ಲ. ಪ್ರತಿ ವರ್ಷದಂತೆ ಅದನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಕುವೈತಿನ ವಿಮಾನ ನಿಲ್ದಾಣದಲ್ಲಿ ನನ್ನ ಮುಂದೆ ಒಬ್ಬ ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಹಗ್ಗ ಬಿಗಿದ ರೀತಿ ನೋಡಿದರೆ ಪಕ್ಕಾ ಬೇರೆಯವರ ಮಾಲು. ಅವನನ್ನು ನೋಡಿ ಒಳಗೊಳಗೇ ಮರುಕಪಟ್ಟೆ. ನನ್ನ ಸರದಿ ಬಂದಾಗ ಯಂತ್ರದ ಪರದೆ ನೋಡುತ್ತಿದ್ದ ಅಧಿಕಾರಿ ತಗಡಿನ ಡಬ್ಬಿ ತೋರಿಸಿ, "ಶಿನು ಹಾದಾ?" ಎಂದು ಕೇಳಿದ. ಇದೇನು ಎಂದು. ಮುಚ್ಚಿಡುವುದೇನೂ ಇಲ್ಲದವನ ಠೀವಿಯಿಂದ ನಾನೇ ಮುಚ್ಚಳ ತೆಗೆದು, "ಹಲ್ವಾ, ಮೈ ಮದರ್ ಮೇಕ್" ಎಂದು ಒಂದು ನೆವ್ರಿ ತೆಗೆದು ಅವನ ಮುಂದೆ ಹಿಡಿದೆ. ಅವನು ಎದೆಯ ಮೇಲೆ ಕೈಯಿಟ್ಟು ಬೇಡ ಎಂದು ನಕ್ಕ. ನಮ್ಮ ಊರಿನಲ್ಲಿ ಮೊದಲ ಸಲ ಬೇಡ ಎಂದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದಾದರೂ ತಗೊಳ್ಳಿ ಎಂದು ಮತ್ತೆ ಒತ್ತಾಯ ಮಾಡಿದೆ. ಅವನು "ಯಲ್ಲಾ, ಯಲ್ಲಾ" ಎಂದು ಕೈಬೀಸಿ ಮುಂದೆ ಕಳಿಸಿದ. ತಿಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಟ್ಯಾಕ್ಸಿಯಲ್ಲಿ ಕೂತಾಗ ಅನ್ನಿಸಿತು. ಪ್ರಾಮಾಣಿಕನ ಮುಖಕ್ಕೆ ಎಲ್ಲಿ ಹೋದರೂ ಬೆಲೆ ಇದೆ ಎಂದೂ ಅನ್ನಿಸಿತು.

ಲೇಹ್ಯ ತರಲಿಲ್ಲ ಎಂದು ಹಮೀದ್ ಬ್ಯಾರಿಗಳಿಗೆ ಹೇಳಿದಾಗ ಅವರು "ಪರವಾಗಿಲ್ಲ, ಬಿಡಿ" ಎಂದರು. ಉಮ್ಮ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಾರೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು, ನನ್ನ ಹತ್ತಿರ ಉತ್ತರಗಳು ತಯಾರಿದ್ದವು. ಮರುದಿನದಿಂದ ಅವರು ನನ್ನನ್ನು ಪೊರ್ಬುಗಳೇ ಎಂದು ಕರೆಯುವುದು ಬಿಟ್ಟು ವಿಲ್ಫ್ರೆಡ್ ಸರ್ ಎಂದು ಕರೆಯತೊಡಗಿದರು. ಅದು ನನಗೆ ಬಹಳ ನೋವು ಮಾಡಿತು.

ಲವೀನಾಳ ಹತ್ತಿರ ನನ್ನ ಪಕ್ಷ ಮಂಡಿಸಿದೆ. ಚೀಟಿ ಇಲ್ಲದ ಬಾಟಲಿ, ಕಪ್ಪು ಪದಾರ್ಥ, ಗೊತ್ತಿಲ್ಲದ ಬೇರು. ಯಾವ ಬುದ್ಧಿವಂತ ತರುತ್ತಾನೆ? ಅವಳು ಬಟ್ಟೆ ಮಡಚುತ್ತಾ ಕೇಳಿದಳು, "ರಿಯಾ ಹುಟ್ಟಿದಾಗ ನನ್ನ ಮೌಶಿ ಮಾಡಿದ ಲೇಹ್ಯ ನೀವೇ ತಂದದ್ದಲ್ವಾ? ಅದಕ್ಕೆ ಚೀಟಿ ಇತ್ತಾ?"

ಇರಲಿಲ್ಲ. ಅದೂ ಕಪ್ಪಗೇ ಇತ್ತು. ಅದನ್ನೂ ಹಳೆಯ ಬಾಟಲಿಯಲ್ಲೇ ತುಂಬಿದ್ದರು. ನಾನು ಮುಚ್ಚಳ ಕೂಡ ತಿರುಗಿಸಿ ನೋಡಿರಲಿಲ್ಲ. ಸ್ವಂತ ಚಿಕ್ಕಮ್ಮನ ಮೇಲೆ ಯಾರಾದರೂ ಸಂಶಯಪಡುತ್ತಾರೆಯೇ ಎಂದೆ. "ಹಮೀದ್ ಬ್ಯಾರಿಗಳಿಗೆ ಕೂಡ ಅದು ಯಾರದ್ದೋ ಉಮ್ಮ ಅಲ್ಲ, ಅವರದ್ದೇ ಉಮ್ಮ" ಎಂದು ಲವೀನಾ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಬಂಧ ಸರಿ ಮಾಡಿಕೊಳ್ಳಲು ನನಗೆ ತಿಳಿದ ದಾರಿ ಒಂದೇ, ತಿಂಡಿ ಕೊಡುವುದು. ಶುಕ್ರವಾರ ಸಂಜೆ ಒಂದು ತಟ್ಟೆ ತುಂಬ ನೆವ್ರಿ ಜೋಡಿಸಿಕೊಂಡು ಎದುರು ಮನೆಗೆ ಹೋದೆ. ಹಮೀದ್ ಬ್ಯಾರಿಗಳು ಮೊಮ್ಮಗುವನ್ನು ತೋಳಲ್ಲಿ ಹಾಕಿಕೊಂಡು ಅತ್ತಿತ್ತ ನಡೆಯುತ್ತಿದ್ದರು. ಒಳಗಿನ ಕೋಣೆಯಿಂದ ಶಮೀಮಾ ನರಳುವುದು ಕೇಳುತ್ತಿತ್ತು. ಅವರು ತಟ್ಟೆ ನೋಡಿದರು, ಏನು ಎತ್ತ ಎಂದು ಕೇಳಲಿಲ್ಲ, ಮೂಸಲಿಲ್ಲ. ಒಂದನ್ನು ತೆಗೆದುಕೊಂಡು ಅರ್ಧ ಕಚ್ಚಿದರು. "ಅಮ್ಮ ಮಾಡಿದ್ದಲ್ವಾ? ರುಚಿ ಉಂಟು" ಎಂದರು. ಆಮೇಲೆ ಕೈಯಲ್ಲಿದ್ದ ಉಳಿದರ್ಧದ ಒಳಗೆ ಕಣ್ಣಿಟ್ಟು ನೋಡಿದರು. ಬೆಳಕಿನ ಕಡೆ ತಿರುಗಿಸಿ ಮತ್ತೊಮ್ಮೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ದಿನವೂ ಗೋದಾಮಿನಲ್ಲಿ ನಾನು ನೋಡುವ ನೋಟ ಅದೇ.

"ಪೊರ್ಬುಗಳೇ," ಎಂದರು ಮೆಲ್ಲನೆ, "ಗಸಗಸೆ ಉಂಟಾ ಇದ್ರಲ್ಲಿ?"

ತೆಂಗಿನತುರಿ, ಎಳ್ಳು, ಸಕ್ಕರೆಯ ನಡುವೆ ಮರಳಿನಷ್ಟು ಸಣ್ಣ ಬಿಳಿ ಕಾಳುಗಳು ಎಲ್ಲೆಲ್ಲೂ ಇದ್ದವು. ಎದೆಯ ಮೇಲೆ ಕೈಯಿಟ್ಟು ನಕ್ಕ ಆ ಅಧಿಕಾರಿ ಕಣ್ಣ ಮುಂದೆ ಬಂದ. ಅವನು ಬೇಡ ಎಂದರೂ ನಾನು ಬಿಡದೆ ಒತ್ತಾಯಿಸಿದ್ದೆ. ಅವನು ತನ್ನ ಊರಿನ ಕ್ರಮದಂತೆ ಮೊದಲ ಸಲದ ಬೇಡವನ್ನು ನಿಜವಾಗಿಯೇ ಹೇಳಿದ್ದರಿಂದ ನಾನು ಇಂದು ಇಲ್ಲಿ ನಿಂತಿದ್ದೇನೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯವನು ನೆನಪಾದ. ಅವನೇ ನನ್ನನ್ನು ನೋಡಿ ಮರುಕಪಡಬೇಕಿತ್ತು.

ಈಗ ಹಮೀದ್ ಬ್ಯಾರಿಗಳು ಏನು ಬೇಕಾದರೂ ಹೇಳಬಹುದಿತ್ತು. ಹೇಳಲೆಂದೇ ನಾನು ಕಾಯುತ್ತಿದ್ದೆ. ಅವರು ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಕೈಯಲ್ಲಿ ಇಟ್ಕೊಳ್ಳುದು ಸರಿಯಲ್ಲ" ಎಂದರು. ಅವರ ಹೊಟ್ಟೆ ನಗುವಿನಿಂದ ಅಲುಗುತ್ತಿತ್ತು, ತೋಳಲ್ಲಿದ್ದ ಮಗು ಎಚ್ಚರಗೊಂಡಿತು. "ಬೇಗ ಹೋಗಿ ಉಳಿದದ್ದು ಖಲಾಸ್ ಮಾಡಿ. ನಾನು ಎಂಥದೂ ನೋಡ್ಲಿಲ್ಲ."

ಮನೆಗೆ ಬಂದವನೇ ಅಮ್ಮನಿಗೆ ಫೋನು ಮಾಡಿದೆ. ನೆವ್ರಿಗೆ ಗಸಗಸೆ ಹಾಕಿದ್ದೀಯಾ ಎಂದು ಕೇಳಿದೆ.

"ಹಾಕದೆ ನೆವ್ರಿ ಆಗ್ತದಾ? ನೀನು ಹಲ್ಲು ಬಂದಾಗಿನಿಂದ ತಿನ್ನುದು ಅದನ್ನೇ."

"ಹೋದ ವರ್ಷವೂ ಹಾಕಿದ್ಯಾ?"

"ಹೋದ ವರ್ಷ ಸ್ವಲ್ಪ ಜಾಸ್ತಿ ಬಿದ್ದಿತ್ತು. ಯಾಕೆ, ಈ ಸಲ ಕಡಿಮೆ ಆಯ್ತಾ?"

ಇಲ್ಲಿಗೆ ಅದು ತರಬಾರದು ಎಂದು ನಿನಗೆ ಗೊತ್ತಿಲ್ಲವೇ ಎಂದೆ. ನೀನು ಯಾವತ್ತು ಹೇಳಿದ್ದಿ ಎಂದು ಅಮ್ಮ ಕೇಳಿದಳು. ಯೋಚಿಸಿ ನೋಡಿದೆ. ಕಟ್ಟಡದವರಿಗೆ ಹೇಳಿದ್ದೇನೆ, ಆಫೀಸಿನವರಿಗೆ ಹೇಳಿದ್ದೇನೆ, ವಿಮಾನದಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಹೇಳಿದ್ದೇನೆ. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ.

ಉಳಿದ ನೆವ್ರಿಗಳನ್ನು ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಸುರಿದುಕೊಂಡು ಕೂತೆ. ಅಮ್ಮ ಮಡಚಿದ ಅಂಚುಗಳನ್ನು ಒಂದೊಂದಾಗಿ ಬಿಡಿಸಿ, ಪೂರಣವನ್ನು ನೀರಿಗೆ ಬಿಟ್ಟೆ. ಜೀವಮಾನದಲ್ಲಿ ಇಷ್ಟು ಒಳ್ಳೆಯ ಸೀಲು ನಾನು ಒಡೆದಿಲ್ಲ. ರಿಯಾ ಬಂದು ನಿಂತು ನೋಡಿ, "ಡ್ಯಾಡಿ, ಆರ್ ಯು ಇನ್‌ಸ್ಪೆಕ್ಟಿಂಗ್ ಅಜ್ಜೀಸ್ ನೆವ್ರಿ?" ಎಂದು ಕೇಳಿದಳು. ಹೌದು ಎಂದೆ. ರಿಸಲ್ಟ್ ಏನು ಎಂದು ಅವಳು ಕೇಳಲಿಲ್ಲ. ಆ ರಾತ್ರಿಯ ಊಟಕ್ಕೆ ನಾವು ಮೂವರೂ ಒಳಗೆ ಏನೂ ಇಲ್ಲದ ನೆವ್ರಿಯ ಚಿಪ್ಪುಗಳನ್ನು ಚಾದಲ್ಲಿ ಅದ್ದಿ ತಿಂದೆವು. ಊರಿನಿಂದ ಬಂದ ಮರುದಿನವೇ ಒಂದಷ್ಟು ನೆವ್ರಿ ಆಫೀಸಿನಲ್ಲಿ ಹಂಚಿದ್ದೆ, ಅದರ ಬಗ್ಗೆ ಲವೀನಾ ಕೇಳಿದಳು. ಮ್ಯಾನೇಜರು ಎರಡನೆಯ ಸಲ ಕೇಳಿ ತಗೊಂಡಿದ್ದಾರೆ ಎಂದಷ್ಟೇ ಹೇಳಿದೆ.

ಮುಂದಿನ ವಾರ ನಮ್ಮ ಗೋದಾಮಿನ ಪ್ರಕಾಶ ತುರ್ತಾಗಿ ಪುತ್ತೂರಿಗೆ ಹೋಗಿಬರುವವನಿದ್ದ. ನಾನೇ ತರಬೇತಿ ಕೊಟ್ಟು ಬೆಳೆಸಿದ ಹುಡುಗ. ಬರುವಾಗ ಉಪ್ಪಿನಂಗಡಿಯಿಂದ ಒಂದು ಬಾಟಲಿ ತರಬೇಕೆಂದು ಕೇಳಿಕೊಂಡೆ. ಅವನ ಮುಖ ಬಿಗಿಯಿತು. "ಒಳಗೆ ಎಂಥ ಉಂಟು ಸರ್? ಚೀಟಿ ಉಂಟಾ? ಕಪ್ಪಗಾ? ನೀವು ನೋಡಿದ್ದೀರಾ?" ನಾನೇ ಹೇಳಿಕೊಟ್ಟ ಪ್ರಶ್ನೆಗಳು, ನಾನೇ ಹೇಳಿಕೊಟ್ಟ ಕ್ರಮದಲ್ಲಿ ಬಂದವು. ನೋಡಿದ್ದು ಮಾತ್ರವಲ್ಲ, ತಿಂದಿದ್ದೇನೆ ಎಂದೆ. ಬಾಣಂತಿ ಲೇಹ್ಯವನ್ನು ನೀವು ಯಾಕೆ ತಿಂದಿರಿ ಎಂದು ಅವನು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಗೋದಾಮಿನವರೆಲ್ಲ ಸುತ್ತ ನಿಂತಿದ್ದರು.

ಪ್ರಕಾಶ ತಂದ. ಶಮೀಮಾ ಈಗ ಎದ್ದು ಓಡಾಡುತ್ತಾಳೆ, ಮಗುವಿನ ಅಳು ಮೊದಲಿಗಿಂತ ಜೋರಾಗಿದೆ. ಆದರೆ ಅವನು ತಂದದ್ದು ಒಂದು ಬಾಟಲಿಯಲ್ಲ, ಎರಡು. ಚಿಕ್ಕದನ್ನು ಹಮೀದ್ ಬ್ಯಾರಿಗಳು ನನ್ನ ಕೈಯಲ್ಲಿಟ್ಟರು. "ಇದು ಉಮ್ಮ ನಿಮ್ಗೆ ಅಂತಲೇ ಕಳಿಸಿದ್ದು ಪೊರ್ಬುಗಳೇ. ಆವತ್ತು ತಿಂದ ಮಗನಿಗೆ ಕೊಡು ಅಂತ ಹೇಳಿದ್ರು" ಎಂದರು. ಅದನ್ನು ಹೇಳುವಾಗ ಅವರು ನಗಲಿಲ್ಲ. ನಗದೆ ಇದ್ದದ್ದೇ ನನಗೆ ಸಂಶಯಕ್ಕೆ ಕಾರಣವಾಗಿದೆ. ಮುದುಕಿ ಪ್ರೀತಿಯಿಂದ ಕಳಿಸಿದರೋ, ನನ್ನನ್ನು ಕುಟುಕಲೆಂದು ಕಳಿಸಿದರೋ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ದಿನಾ ಬೆಳಿಗ್ಗೆ ಒಂದು ಚಮಚ ತಿಂದು ಯೋಚಿಸುತ್ತಿದ್ದೇನೆ.